ಇಂಧನದ ಮಿತವ್ಯಯವೂ ವಾಯುವಿನ ಶುದ್ಧಿಯೂ

(ಮೈಸೂರಿನಲ್ಲಿ ನಡೆದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ತರ್ಕಶಾಸ್ತ್ರದ ಅಭ್ಯಾಸಕ್ಕೆ ತೊಡಗುವ ಬಾಲವಿದ್ಯಾರ್ಥಿಗೆ ಪಾಠಶಾಲೆಯಲ್ಲಿ ಮೊಟ್ಟಮೊದಲು ಪರಿಚಯವಾಗುವ ಉದಾಹರಣೆಯು ಬೆಂಕಿ ಹೊಗೆಗಳದು. ದೂರದ ಬೆಟ್ಟದ ಮೇಲೆ ಹೊಗೆಯು ಕಾಣಿಸಿದರೆ ಅಲ್ಲಿ ಬೆಂಕಿಯುಂಟೆಂದು ಊಹಿಸಬಹುದು. ಏಕೆಂದರೆ ಹೊಗೆಯಿರುವ ಕಡೆಯಲ್ಲೆಲ್ಲಾ ಬೆಂಕಿಯು ಇದ್ದೇ ಇರುವುದು. ಆದರೆ ಈ ಮಾತನ್ನು ತಿರುಗಿಸಿ, ಬೆಂಕಿಯಿರುವ ಕಡೆಯಲ್ಲೆಲ್ಲಾ ಹೊಗೆಯಿರಬೇಕೆಂದು ಹೇಳುವಂತಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗಾದರೆ ಬೆಂಕಿಗೆ ಹೊಗೆಯು ಎಲ್ಲಿಂದ ಬಂದಿತು? ಹಸಿಯ ಸೌದೆಯ ಸಂಬಂಧದಿಂದ ಬಂದಿತು. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಉಪಾಧಿಯೆಂದರೇನೆಂಬುದನ್ನು ತಿಳಿಸುವಾಗ ಈ ಆರ್ದ್ರೇಂಧನಸಂಯೋಗವನ್ನೇ ಉದಾಹರಣೆಯಾಗಿ ತೋರಿಸಿರುವುದು ಇಲ್ಲಿನ ವಿದ್ಯಾರ್ಥಿಗಳೆಲ್ಲರಿಗೂ ಕಂಠಸ್ಥವಾಗಿರುವ ವಿಷಯ.

ಹೊಗೆಯು ಬೆಂಕಿಯ ಸ್ವಭಾವವಲ್ಲವೆಂಬುದು ಇದರಿಂದ ಸಿದ್ಧವಾಯಿತು. ಈಗಿನ ಪದಾರ್ಥವಿಜ್ಞಾನವು ಈ ಮಾತನ್ನೇ ಇನ್ನಷ್ಟು ವಿಸ್ತರಿಸಿ ಹೇಳುವುದು. ಸೌದೆಯು ಕಾದಾಗ ಅದರೊಳಗಿನಿಂದ ಉರಿಯತಕ್ಕ ಅನಿಲಗಳು ಹೊರಡುವುವು. ಅವುಗಳಿಗೆ ಸಾಕಾದಷ್ಟು ಗಾಳಿಯೂ ಸಾಕಾದಷ್ಟು ಕಾವೂ ದೊರೆತರೆ ಅವು ಪೂರ್ಣವಾಗಿ ಉರಿದು ಶಾಖವನ್ನು ಕೊಡುವುವು. ಗಾಳಿಯು ಸಾಲದೆ ಹೋದರೂ, ಹಸಿಯ ಸೌದೆಯ ನೀರನ್ನು ಆವಿಮಾಡುವುದರಲ್ಲಿಯೇ ಕಾವು ಕಳೆದುಹೋದರೂ, ಅವು ಅರೆಯುರಿದು ಮಸಿಯಾಗಿ, ಟಾರಿನ ಸೂಕ್ಷ್ಮಕಣಗಳಾಗಿ, ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯುವಾಗಿ ಮೇಲಕ್ಕೇಳುವುವು. ಆದುದರಿಂದ ಕಣ್ಣನ್ನು ಉರಿಸುವ ಹೊಗೆಯು ಬೆಲೆಕೊಟ್ಟು ತಂದ ಸೌದೆಯ ಒಂದು ಭಾಗವೇ ಆಗಿದೆ. ಪಾತ್ರೆಗೆ ಸೇರಬೇಕಾಗಿದ್ದುದು ಶ್ವಾಸಕೋಶಕ್ಕೆ ಸೇರಿತು. ಇಂಧನದ ಅಪವ್ಯಯವೂ ವಾಯುವಿನ ಮಾಲಿನ್ಯವೂ ಹೀಗೆ ಒಂದೇ ದೋಷದ ಎರಡು ಮುಖಗಳಾಗಿವೆ ಎಂಬುದೇ ಈ ಉಪನ್ಯಾಸದ ಪ್ರತಿಜ್ಞಾವಾಕ್ಯ.

ಸುಟ್ಟ ಇಂಧನದ ಶಕ್ತಿಯಲ್ಲಿ ಎಷ್ಟು ಭಾಗವು ಉದ್ದೇಶಿಸಿದ ಕೆಲಸಕ್ಕೆ ಒದಗಿತೆಂಬ ಲೆಕ್ಕಕ್ಕೆ ದಕ್ಷತೆಯೆಂದು ಹೆಸರು. 100 ಭಾಗ ಶಾಖದಲ್ಲಿ 10 ಭಾಗ ಮಾತ್ರ ಅಡಿಗೆಗೆ ತಗುಲಿದರೆ ಆ ಒಲೆಯ ದಕ್ಷತೆಯು ನೂರಕ್ಕೆ 10 ಆಗುವುದು. ದಕ್ಷತೆಯು ಹೆಚ್ಚಿದರೆ ಗಾಳಿಗೆ ಎರಡು ಬಗೆಯ ಉಪಕಾರವುಂಟು. ಮೊದಲನೆಯದಾಗಿ, ಇಂಧನವು ಪೂರ್ಣವಾಗಿ ಉರಿಯುವುದರಿಂದ ಸೇರು ಸೌದೆಗೆ ಹುಟ್ಟುವ ಹೊಗೆಯು ಕಡಿಮೆಯಾಗುವುದು. ಎರಡನೆಯದಾಗಿ, ಅದೇ ಕೆಲಸಕ್ಕೆ ಸುಡಬೇಕಾದ ಸೌದೆಯೇ ಕಡಿಮೆಯಾಗುವುದು. ಕಲ್ಲಿದ್ದಲಿನಂಥ ಇಂಧನದಲ್ಲಿ ಈ ಎರಡನೆಯ ಉಪಕಾರವೇ ದೊಡ್ಡದು. ಏಕೆಂದರೆ ಅದು ಎಷ್ಟೇ ಪೂರ್ಣವಾಗಿ ಉರಿದರೂ ಬೂದಿಯೂ ಗಂಧಕದ ಆಮ್ಲವಾಯುವೂ ಉಳಿದೇ ಉಳಿಯುವುವು. ಅವುಗಳನ್ನು ತಡೆಯುವ ಯಂತ್ರಗಳು ಬೇರೆ ಉಂಟು. ಆದರೆ ಸುಡದೆ ಉಳಿಸಿದ ಕಲ್ಲಿದ್ದಲಿಗೆ ಆ ಯಂತ್ರವೂ ಬೇಕಿಲ್ಲ.

ವಾಯುವಿನಲ್ಲಿ ಸೇರುವ ಈ ಕಣಗಳಿಂದ ಆಗುವ ಹಾನಿಯು ಸಾಮಾನ್ಯವಾದುದಲ್ಲ. 2.5 ಮೈಕ್ರಾನಿಗಿಂತ ಸಣ್ಣದಾದ ಕಣವು ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟು ಮಾತ್ರ ಇರುವುದು. ಮೂಗಿನ ರೋಮಗಳೂ ಗಂಟಲಿನ ಕಫವೂ ಅದನ್ನು ತಡೆಯಲಾರವು. ಅದು ಶ್ವಾಸಕೋಶದ ಕೊನೆಯ ಗೂಡಿಗೆ ಇಳಿದು ರಕ್ತವನ್ನೂ ಸೇರಬಲ್ಲದು. ಕೆಮ್ಮು ದಮ್ಮುಗಳಲ್ಲದೆ ಹೃದಯದ ಬೇನೆಗೂ ಪಾರ್ಶ್ವವಾಯುವಿಗೂ ಇದು ಕಾರಣವಾಗುವುದೆಂದು ವೈದ್ಯರು ನಿಶ್ಚಯಿಸಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಅದರೊಡನೆ ಕೂಡಿದ ಸಂಸ್ಥೆಗಳೂ 2020ರಲ್ಲಿ ಪ್ರಕಟಿಸಿದ ಅಂದಾಜಿನ ಮೇರೆಗೆ, 2019ನೆಯ ಒಂದೇ ವರ್ಷದಲ್ಲಿ ಈ ದೇಶದಲ್ಲಿ ವಾಯುಮಾಲಿನ್ಯದ ಕಾರಣದಿಂದ ಸುಮಾರು 16.7 ಲಕ್ಷ ಜನರು ಅಕಾಲಮರಣಕ್ಕೆ ಗುರಿಯಾದರು. ಅವರಲ್ಲಿ ಸುಮಾರು 6.1 ಲಕ್ಷ ಮಂದಿಯ ಮರಣಕ್ಕೆ ಕಾರಣವಾದುದು ಕಾರ್ಖಾನೆಯ ಹೊಗೆಯಲ್ಲ, ಮನೆಯೊಳಗಿನ ಒಲೆಯ ಹೊಗೆ. ಅನ್ನವನ್ನು ಬೇಯಿಸಿ ಮನೆಮಂದಿಗೆ ಬಡಿಸುವ ತಾಯಿಯೂ ಅವಳ ಸೆರಗನ್ನು ಹಿಡಿದು ಒಲೆಯ ಮುಂದೆ ಕುಳಿತ ಕೂಸೂ ಈ ಹೊಗೆಗೆ ಮೊದಲ ಬಲಿಯಾಗುವರು. ವಿಷಯದ ಗುರುತ್ವವು ಇಲ್ಲಿದೆ.

ಮನೆಯ ಒಲೆಗಳು ಒಂದು ಮಹಾನಗರವನ್ನೇ ಹೇಗೆ ಪೀಡಿಸಬಲ್ಲವೆಂಬುದಕ್ಕೆ ಲಂಡನ್ ನಗರದ ವೃತ್ತಾಂತವು ನಿದರ್ಶನ. 1952ರ ಡಿಸೆಂಬರ್ ತಿಂಗಳಿನಲ್ಲಿ ಗಾಳಿಯ ಸಂಚಾರವು ನಿಂತು, ಚಳಿಗಾಗಿ ಮನೆಮನೆಯಲ್ಲಿಯೂ ತೆರೆದ ಅಗ್ಗಿಷ್ಟಿಕೆಗಳಲ್ಲಿ ಉರಿಸಿದ ಕಲ್ಲಿದ್ದಲಿನ ಹೊಗೆಯೂ ವಿದ್ಯುದಾಗಾರಗಳ ಹೊಗೆಯೂ ಮಂಜಿನೊಡನೆ ಬೆರೆತು ಐದು ದಿನಗಳವರೆಗೆ ನಗರವನ್ನು ಮುಚ್ಚಿದವು. ಆ ಕೆಲವು ದಿನಗಳಲ್ಲಿಯೇ ಸುಮಾರು 4,000 ಮಂದಿ ಸತ್ತರೆಂದು ಆಗ ಲೆಕ್ಕವಾಯಿತು. ಮುಂದಿನ ಪರಿಶೋಧನೆಗಳು ಈ ಸಂಖ್ಯೆಯನ್ನು ಇನ್ನೂ ಬಹಳವಾಗಿ ಹೆಚ್ಚಿಸಿವೆ. ತೆರೆದ ಅಗ್ಗಿಷ್ಟಿಕೆಯ ಶಾಖದಲ್ಲಿ ಬಹುಭಾಗವು ಕೋಣೆಗೆ ಒದಗದೆ ಚಿಮಣಿಯ ಮೂಲಕ ಆಕಾಶಕ್ಕೆ ಹೋಗುತ್ತಿತ್ತು. ಜನರು ಬೆಚ್ಚಗಾದುದು ಸ್ವಲ್ಪ, ಸುಟ್ಟುದು ಬಹಳ. 1956ರಲ್ಲಿ ಆ ದೇಶದವರು ಶುದ್ಧವಾಯುವಿನ ಶಾಸನವನ್ನು ಮಾಡಿ, ಹೊಗೆಯಿಲ್ಲದ ಇಂಧನಗಳಿಗೆ ಜನರನ್ನು ತಿರುಗಿಸಬೇಕಾಯಿತು.

ಕನ್ನಡನಾಡಿನಲ್ಲಿ ಈ ವಿಷಯವನ್ನು ಶಾಸ್ತ್ರೀಯವಾಗಿ ವಿಚಾರಮಾಡಿದ ಕೀರ್ತಿಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಲ್ಲತಕ್ಕದ್ದು. ಅಲ್ಲಿ 1974ರಲ್ಲಿ ಪ್ರಾಧ್ಯಾಪಕ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳುತನದಿಂದ, ವಿಜ್ಞಾನವನ್ನು ಗ್ರಾಮಗಳ ಉಪಯೋಗಕ್ಕೆ ತರುವುದಕ್ಕಾಗಿ 'ಅಸ್ತ್ರ' ಎಂಬ ವಿಭಾಗವು ಸ್ಥಾಪಿತವಾಯಿತು. ಅದರ ವಿದ್ವಾಂಸರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಯಾವ ಕೆಲಸಕ್ಕೆ ಯಾವ ಇಂಧನವು ಎಷ್ಟು ವೆಚ್ಚವಾಗುವುದೆಂದು ಅಳೆದರು. ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಸೌದೆಯಿಂದ ಬರುವುದೆಂದೂ, ಅದರಲ್ಲಿ ಬಹುಪಾಲು ಅಡಿಗೆಗೆ ಮತ್ತು ಸ್ನಾನದ ನೀರಿಗೆ ವೆಚ್ಚವಾಗುವುದೆಂದೂ, ಅದನ್ನು ಹೊತ್ತು ತರುವ ಭಾರವು ಬಹಳಮಟ್ಟಿಗೆ ಹೆಂಗಸರ ಮತ್ತು ಮಕ್ಕಳ ಮೇಲೆ ಬಿದ್ದಿರುವುದೆಂದೂ ಆ ಲೆಕ್ಕದಿಂದ ತಿಳಿದುಬಂದಿತು. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಗುಲುವ ಶಾಖವು ನೂರಕ್ಕೆ 10ರ ಆಸುಪಾಸು ಮಾತ್ರ. ಉಳಿದುದೆಲ್ಲವೂ ಗಾಳಿಯ ಪಾಲು.

1980ರ ದಶಕದ ಆರಂಭದಲ್ಲಿ ಆ ವಿಭಾಗದವರು ನಿರ್ಮಿಸಿದ ಒಲೆಯು ಜನರ ಬಾಯಲ್ಲಿ 'ಅಸ್ತ್ರ ಒಲೆ' ಎಂದೇ ಪ್ರಸಿದ್ಧವಾಯಿತು. ಅದರ ರಚನೆಯಲ್ಲಿ ಗೂಢವಾದುದೇನೂ ಇಲ್ಲ. ಬೆಂಕಿಯ ಗೂಡನ್ನು ಸುತ್ತಲೂ ಮುಚ್ಚಿದರು. ಸೌದೆಯ ಕೆಳಗೆ ಕಬ್ಬಿಣದ ಜಾಲಂದ್ರವನ್ನಿಟ್ಟು, ಗಾಳಿಯು ತಳದಿಂದ ಹಿತವಾಗಿ ಒಳಹೋಗುವಂತೆ ಮಾಡಿದರು. ಮೊದಲನೆಯ ಪಾತ್ರೆಗೆ ಕಾವನ್ನು ಕೊಟ್ಟ ಬಿಸಿಯ ಗಾಳಿಯು ನೇರವಾಗಿ ಹೊರಬೀಳದೆ ಎರಡನೆಯ ಮೂರನೆಯ ಪಾತ್ರೆಗಳ ಅಡಿಯಲ್ಲಿಯೂ ಹರಿದು, ತನ್ನಲ್ಲಿರುವ ಕಾವನ್ನೆಲ್ಲಾ ಒಪ್ಪಿಸಿ, ಕಡೆಗೆ ಕೊಳವೆಯ ಮೂಲಕ ಸೂರಿನ ಮೇಲಕ್ಕೆ ಹೋಗುವಂತೆ ಏರ್ಪಡಿಸಿದರು. ಪಾತ್ರೆಗಳು ಒಲೆಯ ಬಾಯಲ್ಲಿ ಸಂದಿಲ್ಲದಂತೆ ಕುಳಿತುಕೊಳ್ಳುವುವು. ಇಷ್ಟರಿಂದಲೇ ಪ್ರಯೋಗಶಾಲೆಯಲ್ಲಿ ದಕ್ಷತೆಯು ನೂರಕ್ಕೆ 40ರ ಸುತ್ತಮುತ್ತಲಿಗೆ ಏರಿತು. ಉಪಾಧಿಯನ್ನು ತೆಗೆದರೆ ಹೊಗೆಯೂ ಹೋಗುವುದೆಂಬ ತಾರ್ಕಿಕರ ಮಾತಿಗೆ ಮಣ್ಣು ಇಟ್ಟಿಗೆಗಳಿಂದ ಕಟ್ಟಿದ ಭಾಷ್ಯವೆಂದು ಈ ಒಲೆಯನ್ನು ಕರೆಯಬಹುದು.

ಆದರೆ ಇದರ ಮುಂದಿನ ಚರಿತ್ರೆಯನ್ನೂ ತಿಳಿಯದೆ ಹೋದರೆ ಪಾಠವು ಅರ್ಧವಾಗುವುದು. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪ್ರಯತ್ನದಿಂದ ಈ ಒಲೆಗಳು ಕರ್ನಾಟಕದ ಮನೆಗಳಲ್ಲಿ ಲಕ್ಷಗಟ್ಟಲೆಯಾಗಿ ನಿರ್ಮಿತವಾದುವು. ಸುಧಾರಿಸಿದ ಒಲೆಗಳಿಗಾಗಿ ಕೇಂದ್ರಸರ್ಕಾರದ ಕಾರ್ಯಕ್ರಮವೂ 1980ರ ದಶಕದಲ್ಲಿ ಮೊದಲಾಗಿ 2002ರವರೆಗೆ ನಡೆಯಿತು. ಆದರೂ ಕಟ್ಟಿದ ಒಲೆಗಳಲ್ಲಿ ಎಷ್ಟೋ ಕೆಲವು ವರ್ಷಗಳಲ್ಲಿಯೇ ಕೆಟ್ಟುಹೋದುವು. ಕೊಳವೆಯಲ್ಲಿ ಮಸಿಯು ಕಟ್ಟಿಕೊಂಡಾಗ ತೆಗೆಯುವವರಿರಲಿಲ್ಲ. ಪಾತ್ರೆಗಳನ್ನು ಬದಲಾಯಿಸಿದಾಗ ಒಲೆಯ ಬಾಯಿಗೆ ಹೊಂದಲಿಲ್ಲ. ಬಿರುಕುಬಿಟ್ಟ ಮಣ್ಣನ್ನು ಮೆತ್ತಲು ಕೈಗಳು ಬಿಡುವಾಗಲಿಲ್ಲ. ದಕ್ಷತೆಯೆಂಬುದು ಒಮ್ಮೆ ಕೊಂಡು ತಂದು ಮರೆಯತಕ್ಕ ವಸ್ತುವಲ್ಲ. ಅದು ನಿತ್ಯವೂ ಆಚರಿಸಬೇಕಾದ ಶೌಚದಂತೆ. ಮೇಲಾಗಿ, ಎಷ್ಟು ಚೆನ್ನಾದ ಸೌದೆಯ ಒಲೆಯಾದರೂ ಅಡಿಗೆಯ ಅನಿಲದಷ್ಟು ನಿರ್ಮಲವಾಗಿ ಉರಿಯಲಾರದು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡಕುಟುಂಬಗಳಿಗೂ ಅನಿಲದ ಒಲೆಯು ದೊರೆಯುವಂತಾದುದು ಹೆಂಗಸರ ಕಣ್ಣು ಎದೆಗಳಿಗೆ ಆದ ಉಪಕಾರವೇ ಸರಿ. ಆದರೆ ಸಿಲಿಂಡರನ್ನು ಮರಳಿ ತುಂಬಿಸಲು ಹಣವಿಲ್ಲದ ಮನೆಯಲ್ಲಿ ಹಳೆಯ ಒಲೆಯು ಮತ್ತೆ ಹೊಗೆಯಾಡುವುದು. ಅಂಥ ಮನೆಗೆ ಒಣಗಿದ ಸೌದೆ, ಮುಚ್ಚಳವಿರುವ ಪಾತ್ರೆ, ಮಸಿಯಿಲ್ಲದ ಕೊಳವೆ ಇವು ಈಗಲೂ ರಕ್ಷಕವಾಗಿವೆ.

ಇನ್ನು ವಿದ್ಯುಚ್ಛಕ್ತಿಯ ವಿಷಯ. ಮೈಸೂರು ಸಂಸ್ಥಾನದ ವಿದ್ಯುತ್ತು ಹೊಗೆಯಿಲ್ಲದೆಯೇ ಜನಿಸಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯ ಧಾರೆಯಿಂದ ಉತ್ಪನ್ನವಾದ ಶಕ್ತಿಯು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳೂ, 1908ರಲ್ಲಿ ಈ ಮೈಸೂರು ನಗರವೂ ವಿದ್ಯುದ್ದೀಪಗಳಿಂದ ಬೆಳಗಿದುವು. ಬಹುಕಾಲದವರೆಗೆ ನದಿಗಳೇ ನಾಡಿನ ದೀಪಕ್ಕೆ ಎಣ್ಣೆಯಾಗಿದ್ದುವು. ಬೇಡಿಕೆಯು ನದಿಗಳ ಶಕ್ತಿಯನ್ನು ಮೀರಿದ ಮೇಲೆ, 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮೊದಲನೆಯ ಘಟಕವು ಕೆಲಸಕ್ಕೆ ತೊಡಗಿತು. ತರುವಾಯ ಬಳ್ಳಾರಿಯ ಕುಡತಿನಿಯಲ್ಲಿಯೂ ರಾಯಚೂರಿನ ಯರಮರಸ್‌ನಲ್ಲಿಯೂ ಅಂಥ ಆಗಾರಗಳು ಎದ್ದುವು.

ಕಲ್ಲಿದ್ದಲಿನ ವಿದ್ಯುತ್ತಿನಲ್ಲಿ ನಷ್ಟದ ಲೆಕ್ಕವನ್ನು ನೋಡಿರಿ. ಕುಲುಮೆಯಲ್ಲಿ ಸುಟ್ಟ ಕಲ್ಲಿದ್ದಲಿನ ಶಾಖವು 100 ಭಾಗವಾದರೆ, ಅದರಲ್ಲಿ ವಿದ್ಯುತ್ತಾಗಿ ಹೊರಡುವುದು ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. ತಂತಿಗಳಲ್ಲಿಯೂ ಪರಿವರ್ತಕಗಳಲ್ಲಿಯೂ ಮತ್ತಷ್ಟು ಕಳೆದು, ಮನೆಗೆ ಬರುವುದು ಮೂವತ್ತು ಭಾಗಕ್ಕೂ ಕಡಿಮೆ. ಹಳೆಯ ತಂತುದೀಪವು ತನಗೆ ಬಂದುದರಲ್ಲಿ ನೂರಕ್ಕೆ ಸುಮಾರು 5ನ್ನು ಮಾತ್ರ ಬೆಳಕಾಗಿಸಿ, ಉಳಿದುದನ್ನು ಬಿಸಿಯಾಗಿ ಕಳೆಯುವುದು. ಎಂದರೆ 100 ಭಾಗ ಕಲ್ಲಿದ್ದಲಿನ ಶಕ್ತಿಯಲ್ಲಿ ಓದುವವನ ಪುಸ್ತಕದ ಮೇಲೆ ಬೆಳಕಾಗಿ ಬಿದ್ದುದು 2 ಭಾಗಕ್ಕೂ ಕಡಿಮೆಯಾಯಿತು. ಆದುದರಿಂದಲೇ ಮನೆಯ ಕೊನೆಯಲ್ಲಿ ಮಾಡುವ ಅಲ್ಪವಾದ ಉಳಿತಾಯವು ಕುಲುಮೆಯ ಕೊನೆಯಲ್ಲಿ ಮೂರು ಪಟ್ಟಿಗಿಂತಲೂ ಹೆಚ್ಚಾಗಿ ಫಲಿಸುವುದು.

ಇದನ್ನು ಒಂದು ದೀಪದಿಂದ ಸ್ಪಷ್ಟಪಡಿಸಬಹುದು. 60 ವ್ಯಾಟಿನ ತಂತುದೀಪದ ಬದಲಿಗೆ ಅಷ್ಟೇ ಬೆಳಕನ್ನು ಕೊಡುವ 9 ವ್ಯಾಟಿನ ಎಲ್.ಇ.ಡಿ. ದೀಪವನ್ನು ದಿನಕ್ಕೆ 5 ಗಂಟೆಯ ಕಾಲ ಉರಿಸಿದರೆ ವರ್ಷಕ್ಕೆ ಸುಮಾರು 93 ಯೂನಿಟ್ಟು ಉಳಿಯುವುದು. ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕಾಗುವುದರಿಂದ, ಆ ಒಂದೇ ದೀಪದಿಂದ 65 ಕಿಲೋ ಕಲ್ಲಿದ್ದಲು ಸುಡದೆ ಉಳಿಯಿತು. ಈ ನಗರದ ಒಂದು ಲಕ್ಷ ಮನೆಗಳಲ್ಲಿ ಮನೆಗೊಂದರಂತೆ ಹೀಗೆ ಬದಲಾಯಿಸಿದರೆ ವರ್ಷಕ್ಕೆ 6,500 ಟನ್ನು ಉಳಿಯುವುದು. ಭಾರತದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಬೂದಿಯೇ ಇರುವುದರಿಂದ, ಎರಡು ಸಾವಿರ ಟನ್ನಿಗಿಂತ ಹೆಚ್ಚಾದ ಬೂದಿಯೂ ಹುಟ್ಟದೆ ಹೋಯಿತು. 2015ರಲ್ಲಿ ದೇಶದಲ್ಲಿ ಉಜಾಲಾ ಎಂಬ ಯೋಜನೆಯೂ ಕರ್ನಾಟಕದಲ್ಲಿ ಹೊಸಬೆಳಕು ಎಂಬ ಯೋಜನೆಯೂ ಆರಂಭವಾಗಿ ಇಂಥ ದೀಪಗಳನ್ನು ಅಗ್ಗವಾಗಿ ಹಂಚಿದುದರ ತಾತ್ಪರ್ಯವು ಇದೇ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಕರ್ನಾಟಕದ ವಿದ್ಯುತ್ತಿನಲ್ಲಿ ನೀರು, ಗಾಳಿ, ಬಿಸಿಲುಗಳಿಂದ ಬರುವುದೂ ಬಹಳವಾಗಿರುವುದಲ್ಲವೇ. ಅದನ್ನು ಉಳಿಸಿದರೆ ಹೊಗೆಯು ಹೇಗೆ ಕಡಿಮೆಯಾಗುವುದು? ಸಮಾಧಾನವೇನೆಂದರೆ, ಎಲ್ಲಾ ಶಕ್ತಿಯೂ ಒಂದೇ ತಂತಿಯ ಜಾಲದಲ್ಲಿ ಕೂಡುವುದು. ಇಂದು ಉಳಿಸಿದ ಜಲವಿದ್ಯುತ್ತಿನ ನೀರು ಜಲಾಶಯದಲ್ಲಿ ನಿಂತಿದ್ದು, ಬೇಸಗೆಯ ಸಂಜೆಯಲ್ಲಿ ಕಲ್ಲಿದ್ದಲಿಗೆ ಬದಲಾಗಿ ಒದಗುವುದು. ಇನ್ನೊಂದು ಆಕ್ಷೇಪವುಂಟು: ರಾಯಚೂರಿನ ಹೊಗೆಯಿಂದ ಮೈಸೂರಿಗೇನು? ಈ ಪ್ರಶ್ನೆಗೆ ಉತ್ತರವು ಲೆಕ್ಕದಲ್ಲಿಲ್ಲ, ಧರ್ಮದಲ್ಲಿದೆ. ಇಲ್ಲಿ ಬರಿದಾದ ಕೋಣೆಯಲ್ಲಿ ತಿರುಗುವ ಬೀಸಣಿಗೆಯ ಬೂದಿಯು ಶಕ್ತಿನಗರದ ಸುತ್ತಲಿನ ಹಳ್ಳಿಯ ಹೊಲದ ಮೇಲೆ ಬೀಳುವುದು. ಬೆಳಕನ್ನು ಒಬ್ಬನು ಅನುಭವಿಸಿ ಹೊಗೆಯನ್ನು ಇನ್ನೊಬ್ಬನಿಗೆ ಉಣಿಸುವುದು ಸದ್ಗೃಹಸ್ಥನ ಲಕ್ಷಣವಲ್ಲ.

ನಲ್ಲಿಯ ನೀರೂ ಈ ವಿಚಾರಕ್ಕೆ ಹೊರಗಲ್ಲ. ಮೈಸೂರಿನ ಕುಡಿಯುವ ನೀರು ತಾನಾಗಿ ಹರಿದು ಬರುವುದಿಲ್ಲ. ಬೆಳಗೊಳ, ಹೊಂಗಳ್ಳಿ, ಮೇಳಾಪುರ ಮೊದಲಾದ ಕಡೆಗಳಲ್ಲಿ ಕಾವೇರಿಯಿಂದ ದೊಡ್ಡ ಯಂತ್ರಗಳು ಅದನ್ನು ಎತ್ತಿ ನಗರಕ್ಕೆ ನೂಕುವುವು. ಮನೆಗೆ ಬಂದ ಮೇಲೆ ಅದನ್ನೇ ಮತ್ತೊಂದು ಪಂಪು ಮಹಡಿಯ ತೊಟ್ಟಿಗೆ ಏರಿಸುವುದು. ತೊಟ್ಟಿಯು ತುಂಬಿ ಚರಂಡಿಗೆ ಹರಿದ ಪ್ರತಿಯೊಂದು ಕೊಡ ನೀರಿನೊಡನೆ ಎರಡು ಸಲ ವೆಚ್ಚವಾದ ವಿದ್ಯುತ್ತೂ ಹರಿದುಹೋಯಿತು. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ರೈತರ ನೀರಾವರಿ ಪಂಪುಗಳಿಗೆ ಹೋಗುವುದರಿಂದ, ಹಳ್ಳಿಗಳಿಂದ ಬಂದಿರುವ ಭಕ್ತರು ಸವೆದ ಪಂಪನ್ನು ರಿಪೇರಿಮಾಡಿಸುವುದೂ ಹನಿನೀರಾವರಿಯನ್ನು ಅಳವಡಿಸುವುದೂ ಇದೇ ಪುಣ್ಯಕ್ಕೆ ಸೇರಿದುವು.

ಸ್ನಾನದ ನೀರಿನ ವಿಷಯದಲ್ಲಿ ಮೈಸೂರಿನವರು ಆಗಲೇ ಒಂದು ಒಳ್ಳೆಯ ದಾರಿಯನ್ನು ಹಿಡಿದಿದ್ದಾರೆ. ಹಿಂದಿನ ಮನೆಗಳಲ್ಲಿ ಬಚ್ಚಲ ಒಲೆಗೆ ತೆಂಗಿನ ಮಟ್ಟೆ ಸೋಗೆಗಳನ್ನು ಒಡ್ಡಿ ಹಂಡೆಯನ್ನು ಕಾಯಿಸುವಾಗ ಬೆಳಗಿನ ಬೀದಿಯೆಲ್ಲಾ ಹೊಗೆಯಿಂದ ತುಂಬುತ್ತಿತ್ತು. ಈಗ ಅನೇಕ ಮನೆಗಳ ಮಾಳಿಗೆಯ ಮೇಲೆ ಸೂರ್ಯನ ಬಿಸಿಲೇ ಆ ಕೆಲಸವನ್ನು ಮಾಡುವುದು. ಹೊಗೆಯೂ ಇಲ್ಲ, ವಿದ್ಯುತ್ತಿನ ಹಣವೂ ಇಲ್ಲ.

ವಾಹನಗಳ ವಿಷಯವು ನಗರದವರಿಗೆ ಹೆಚ್ಚು ಸಮೀಪವಾದುದು. ಚಳಿಗಾಲದ ಪ್ರಾತಃಕಾಲದಲ್ಲಿ ಚಾಮುಂಡಿಬೆಟ್ಟದಿಂದ ನೋಡುವವರಿಗೆ ಮಂಜಿನೊಡನೆ ಬೆರೆತ ಹೊಗೆಯು ನಗರದ ಮೇಲೆ ಹಾಸಿದಂತೆ ಕಾಣುವುದುಂಟು. ಬೆಟ್ಟದ ಹೊಗೆಯನ್ನು ಊರಿನಿಂದ ನೋಡುವುದು ತರ್ಕಶಾಸ್ತ್ರದ ಕ್ರಮ. ಊರಿನ ಹೊಗೆಯನ್ನು ಬೆಟ್ಟದಿಂದ ನೋಡುವುದು ಈ ಕಾಲದ ಕ್ರಮವಾಗಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧವಾಯು ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವು ಸೇರಿದುವು, ಮೈಸೂರು ಸೇರಲಿಲ್ಲ. ಇದು ಸಂತೋಷದ ಮಾತು. ಆದರೆ ಮೈಮರೆಯತಕ್ಕ ಮಾತಲ್ಲ. ಘನಮೀಟರಿಗೆ ಸೂಕ್ಷ್ಮಕಣಗಳು ವರ್ಷದ ಸರಾಸರಿಯಲ್ಲಿ 40 ಮೈಕ್ರೋಗ್ರಾಮನ್ನು ಮೀರಬಾರದೆಂಬುದು ಭಾರತದ ಮಿತಿಯಾಗಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ವಿಧಿಸಿದ ಮಿತಿಯು 5 ಮಾತ್ರ. ಪಟ್ಟಿಯಲ್ಲಿಲ್ಲದಿರುವುದೇ ಶುದ್ಧಿಯ ಪ್ರಮಾಣವಾಗಲಾರದು.

ಒಂದು ಲೀಟರು ಎಣ್ಣೆಯಲ್ಲಿ ಒಬ್ಬನೇ ಕುಳಿತ ಕಾರು ಸುಮಾರು 15 ಕಿಲೋಮೀಟರು ಹೋಗುವುದು. ಬಸ್ಸು ಅದೇ ಒಂದು ಲೀಟರಿನಲ್ಲಿ 4 ಕಿಲೋಮೀಟರು ಮಾತ್ರ ಹೋದರೂ 40 ಮಂದಿಯನ್ನು ಒಯ್ಯುವುದರಿಂದ, ಒಬ್ಬೊಬ್ಬನ ಲೆಕ್ಕದಲ್ಲಿ 160 ಕಿಲೋಮೀಟರು ನಡೆದಂತಾಯಿತು. 2020ರ ಏಪ್ರಿಲ್ ಒಂದರಿಂದ ಭಾರತ್ ಹಂತ ಆರರ ನಿಯಮಗಳು ಜಾರಿಗೆ ಬಂದು ಎಣ್ಣೆಯ ಗಂಧಕವು ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು, ಎಣ್ಣೆಯು ಶುದ್ಧವಾಯಿತು. ಅದನ್ನು ಹಿತವಾಗಿ ಬಳಸುವ ಬುದ್ಧಿಯನ್ನು ಮಾತ್ರ ಯಾವ ಶುದ್ಧೀಕರಣಾಗಾರವೂ ಕೊಡಲಾರದು. ಈ ನಗರದಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಬೈಸಿಕಲ್ಲುಗಳ ಏರ್ಪಾಡು ಮೊದಲಾದುದು ಆ ಬುದ್ಧಿಯ ಒಂದು ಕುರುಹು.

ದಕ್ಷತೆಯಿಂದ ಸಕಲವೂ ಸಿದ್ಧಿಸುವುದೆಂದು ಭಾವಿಸಬಾರದು. ರಸ್ತೆಯ ಧೂಳೂ ಬೀದಿಯಲ್ಲಿ ಸುಡುವ ಕಸದ ಹೊಗೆಯೂ ಬೇರೆ ಉಪಾಯಗಳಿಂದಲೇ ಅಡಗಬೇಕು. ಇದಕ್ಕಿಂತ ಸೂಕ್ಷ್ಮವಾದ ಒಂದು ತೊಡಕೂ ಇದೆ. ಜೆವನ್ಸ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞನು 1865ರಲ್ಲಿಯೇ ಇದನ್ನು ಕಂಡು ಬರೆದನು. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಿಂದ ಹೆಚ್ಚು ಕೆಲಸವನ್ನು ಮಾಡತೊಡಗಿದಾಗ ಕಲ್ಲಿದ್ದಲಿನ ವೆಚ್ಚವು ತಗ್ಗಲಿಲ್ಲ. ಯಂತ್ರಗಳೇ ಹೆಚ್ಚಿ ವೆಚ್ಚವು ಏರಿತು. ದೀಪವು ಅಗ್ಗವಾಯಿತೆಂದು ಹತ್ತು ದೀಪಗಳನ್ನು ಹಗಲಿರುಳು ಉರಿಸಿದರೆ, ಲೀಟರಿಗೆ ಹೆಚ್ಚು ದೂರ ಹೋಗುವ ಕಾರು ದೊರೆಯಿತೆಂದು ಎರಡರಷ್ಟು ತಿರುಗಿದರೆ, ಉಳಿದುದೇನು? ಯಂತ್ರದ ದಕ್ಷತೆಯೊಡನೆ ಮನಸ್ಸಿನ ಮಿತವೂ ಕೂಡಿದಾಗಲೇ ಗಾಳಿಯು ಶುದ್ಧವಾಗುವುದು. ಮಿತವನ್ನು ಯಂತ್ರಜ್ಞರು ಕಲಿಸಲಾರರು; ಅದನ್ನು ಕಲಿಸುವುದು ಮನೆಯ ಮತ್ತು ಮಠದ ಕೆಲಸ.

ಮಠಗಳಿಗೆ ಇಲ್ಲಿ ವಿಶೇಷವಾದ ಹೊಣೆಯೂ ಇದೆ, ಅವಕಾಶವೂ ಇದೆ. ದಾಸೋಹದ ಮನೆಯಲ್ಲಿ ದಿನವೂ ಸಹಸ್ರಾರು ಮಂದಿಗೆ ಅನ್ನವು ಬೇಯುವುದು. ನೆಲದಲ್ಲಿ ತೋಡಿದ ಒಲೆಯ ಮೇಲೆ ಕೊಪ್ಪರಿಗೆಯನ್ನಿಟ್ಟು ಹಸಿಯ ಸೌದೆಯನ್ನು ಒಡ್ಡಿದರೆ, ಉಣ್ಣುವವರ ತೃಪ್ತಿಗಾಗಿ ಅಡಿಗೆಯವರು ತಮ್ಮ ಕಣ್ಣನ್ನೂ ಉಸಿರನ್ನೂ ತೆತ್ತಂತಾಗುವುದು. ಒಂದೇ ಕಡೆಯಲ್ಲಿ ನೀರನ್ನು ಕಾಯಿಸಿ, ಕೊಳವೆಗಳ ಮೂಲಕ ಆವಿಯನ್ನು ಎಲ್ಲಾ ಪಾತ್ರೆಗಳಿಗೂ ಹಾಯಿಸುವ ಪದ್ಧತಿಯಲ್ಲಿ ಇಂಧನವೂ ಉಳಿಯುವುದು, ಅಡಿಗೆಯ ಮನೆಯೊಳಗೆ ಹೊಗೆಯೂ ಸುಳಿಯದು. ಗೋಶಾಲೆಯ ಸಗಣಿಯಿಂದಲೂ ಎಲೆಯಲ್ಲಿ ಉಳಿದ ಅನ್ನದಿಂದಲೂ ಅನಿಲವನ್ನು ಪಡೆಯಬಹುದು. ಇವಕ್ಕೆ ಹಣ ಬೇಕು. ಆದರೆ ಸೌದೆಯನ್ನು ಮಳೆಗಾಲಕ್ಕೆ ಮುಂಚೆ ಒಡೆದು ಸೂರಿನಡಿಯಲ್ಲಿ ಒಣಗಿಸುವುದಕ್ಕೂ, ಬೇಳೆಯನ್ನು ಮೊದಲೇ ನೆನೆಯಿಡುವುದಕ್ಕೂ, ಕುದಿಯುವ ಪಾತ್ರೆಗೆ ಮುಚ್ಚಳವನ್ನಿಡುವುದಕ್ಕೂ, ಕುದಿಬಂದ ಮೇಲೆ ಉರಿಯನ್ನು ತಗ್ಗಿಸುವುದಕ್ಕೂ ಹಣವೇ ಬೇಕಿಲ್ಲ, ಎಚ್ಚರವೊಂದಿದ್ದರೆ ಸಾಕು. ಮಠದಲ್ಲಿ ಭಕ್ತರು ಕಣ್ಣಾರೆ ಕಂಡುದನ್ನು ಮನೆಗೆ ಹೋಗಿ ಆಚರಿಸುವರು. ಉಪನ್ಯಾಸಗಳಿಂದ ಆಗದಿರುವುದು ಹೀಗೆ ಆಗುವುದು.

ಅನ್ನದ ಒಂದು ಅಗುಳು ಚೆಲ್ಲಿದರೂ ನೊಂದುಕೊಳ್ಳುವ ಸಂಸ್ಕಾರವು ಈ ನಾಡಿನ ಮನೆಗಳಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಆ ಅಗುಳನ್ನು ಬೇಯಿಸಿದ ಉರಿಯ ವಿಷಯದಲ್ಲಿಯೂ ಅದೇ ಸಂಸ್ಕಾರವು ಬೆಳೆಯಲಿ. ಗಾಳಿಗೆ ಜಾತಿಮತಗಳ ಎಲ್ಲೆಯಿಲ್ಲ, ಊರುಕೇರಿಗಳ ಗಡಿಯಿಲ್ಲ. ಒಬ್ಬನು ಬಿಟ್ಟ ಹೊಗೆಯನ್ನು ಇನ್ನೊಬ್ಬನು ಸೇವಿಸಲೇಬೇಕು. ಒಬ್ಬನು ಉಳಿಸಿದ ಇಂಧನವೂ ಹಾಗೆಯೇ ಇನ್ನೊಬ್ಬನಿಗೆ ನಿರ್ಮಲವಾದ ಉಸಿರಾಗಿ ಒದಗಲಿ. ಪೂಜ್ಯರ ಆಶೀರ್ವಾದದಿಂದ ಸದ್ಭಕ್ತರೆಲ್ಲರಿಗೂ ಆಯುರಾರೋಗ್ಯವುಂಟಾಗಲೆಂಬ ಪ್ರಾರ್ಥನೆಯೊಡನೆ ಈ ಉಪನ್ಯಾಸವು ಮುಗಿಯಿತು.

ಸರ್ವರಿಗೂ ಮಂಗಳವಾಗಲಿ.